ಇರುವೆ ಮತ್ತು ಪಾತರಗಿತ್ತಿ



ಇರುವೆಯನ್ನು ಹೊಗಳುವುದು, ಪಾತರಗಿತ್ತಿಯನ್ನು ಚಂಚಲವೆಂದು ಹಳಿಯುವುದು ನಮ್ಮಂಥ ಉಪದೇಶಕರ ರೂಢಿ. ಹೆಜ್ಜೆ ಹೆಜ್ಜೆಯಾಗಿ ಏರುವ ಸಾಧನೆಗೆ ಶಾಸ್ತ್ರಗಳು ಪಿಪೀಲಿಕಾ ಮಾರ್ಗವೆಂದು ಇರುವೆಯ ಹೆಸರನ್ನೇ ಇಟ್ಟಿವೆ. ಆದರೆ ಇವೆರಡರ ಬಾಳು ಒಂದರೊಳಗೊಂದು ಹೆಣೆದುಕೊಂಡಿರುವುದೂ ಉಂಟು. ಇಂಗ್ಲೆಂಡ್ ದೇಶದ ಒಂದು ಸಂಗತಿಯನ್ನು ಕೇಳಿರಿ.

ಅಲ್ಲಿ ದೊಡ್ಡ ನೀಲಿ ಎಂಬ ಪಾತರಗಿತ್ತಿಯುಂಟು. ಅದು ಥೈಮ್ ಎಂಬ ಪರಿಮಳದ ಕಿರುಗಿಡದ ಮೊಗ್ಗಿನಲ್ಲಿ ತತ್ತಿ ಇಡುತ್ತದೆ. ಹುಟ್ಟಿದ ಹುಳು ಎರಡು ಮೂರು ವಾರ ಹೂವು ತಿಂದು, ಆಮೇಲೆ ನೆಲಕ್ಕೆ ಉದುರಿ ಸುಮ್ಮನೆ ಕಾಯುತ್ತದೆ. ಒಂದು ಜಾತಿಯ ಕೆಂಪಿರುವೆ ಬಂದು ಮುಟ್ಟಿದರೆ ಮೈಯಿಂದ ಸಿಹಿರಸ ಜಿನುಗಿಸುತ್ತದೆ. ಅದರ ವಾಸನೆಯೂ ಇರುವೆಮರಿಯ ವಾಸನೆಯಂತೆಯೇ. ತನ್ನ ಕೂಸೇ ಹೊರಗೆ ಬಿದ್ದಿದೆಯೆಂದು ಇರುವೆ ಅದನ್ನೆತ್ತಿ ಗೂಡಿಗೊಯ್ಯುತ್ತದೆ. ಗೂಡು ಸೇರಿದ ಹುಳು ಮಾಡುವುದೇನು? ಸುಮಾರು ಹತ್ತು ತಿಂಗಳು ಆ ಇರುವೆಯ ಮರಿಗಳನ್ನೇ ತಿನ್ನುತ್ತದೆ! ಅದರ ಪೂರ್ಣ ತೂಕದಲ್ಲಿ ನೂರಕ್ಕೆ 98 ಪಾಲು ಬೆಳೆಯುವುದು ಅಲ್ಲಿಯೇ. ಮರುವರ್ಷ ಬೇಸಿಗೆಯಲ್ಲಿ ರೆಕ್ಕೆ ಪಡೆದು ಹೊರಬಂದು ಹಾರಿಹೋಗುತ್ತದೆ. ಹಾಗಾದರೆ ಅದು ಪಾಪಿಯೇ? ಆ ಮಾತು ನಮಗೆ ಸಲ್ಲದು. ಹುಳುವಿಗೆ ಪಾಪಪುಣ್ಯದ ಅರಿವಿಲ್ಲ.

ಈ ಚೆಲುವೆಯನ್ನು ಹಿಡಿದು ಪೆಟ್ಟಿಗೆಯಲ್ಲಿ ಕೂಡಿಡುವವರ ಕಾಟ ತಪ್ಪಲೆಂದು 1930ರ ದಶಕದಲ್ಲಿ ಒಂದು ನೆಲೆಗೆ ಬೇಲಿ ಹಾಕಿದರು. ಪಾತರಗಿತ್ತಿ ಅಲ್ಲಿಯೂ ಉಳಿಯಲಿಲ್ಲ. ಬೇಲಿ ಮೇಯುವ ಪ್ರಾಣಿಗಳನ್ನೂ ತಡೆದಿತ್ತು. 1953ರಲ್ಲಿ ಬಂದ ಮಿಕ್ಸೊಮಟೋಸಿಸ್ ರೋಗದಿಂದ ದೇಶದ ಬೇರೆಡೆಯೂ ಮೊಲಗಳು ಸತ್ತವು. ಮೇಯುವವರಿಲ್ಲದೆ ಹುಲ್ಲು ಎತ್ತರವಾಯಿತು, ನೆರಳಿಗೆ ನೆಲ ತಣ್ಣಗಾಯಿತು. ಆ ಇರುವೆಗೋ ಬಿಸಿಲಿಗೆ ಕಾದ ನೆಲ ಬೇಕು. ಅದು ಕುಗ್ಗಿ, ಬೇರೆ ಜಾತಿಯ ಇರುವೆ ಆ ಜಾಗ ಹಿಡಿಯಿತು. ನೋಡುವವರಿಗೆ ಎರಡೂ ಕೆಂಪಿರುವೆಯೇ. ಆದರೆ ಆ ಗೂಡಿನಲ್ಲಿ ಹುಳು ಬದುಕುವುದು ಅಪರೂಪ.

ಜೆರೆಮಿ ಥಾಮಸ್ ಎಂಬ ವಿದ್ವಾಂಸರು 1970ರ ದಶಕದಲ್ಲಿ ವರ್ಷಗಟ್ಟಲೆ ನೆಲಕ್ಕೆ ಬಾಗಿ ನೋಡಿ ಇದನ್ನು ತಿಳಿದರು. ಅಷ್ಟರಲ್ಲಿ ಹೊತ್ತು ಮೀರಿತ್ತು. 1979ರಲ್ಲಿ ದೊಡ್ಡ ನೀಲಿ ಬ್ರಿಟನ್ನಿನಲ್ಲಿ ಅಳಿಯಿತು.

ಆಮೇಲೆ ಮೊದಲು ಇರುವೆಯ ಚಿಂತೆ ಮಾಡಿದರು. ಪೊದೆ ಕಡಿದರು, ದನಗಳನ್ನು ಮೇಯಲು ಬಿಟ್ಟರು. ಇರುವೆ ಮರಳಿತು. 1983ರಿಂದ ಸ್ವೀಡನ್ ದೇಶದಿಂದ ಪಾತರಗಿತ್ತಿಯ ಸಂತಾನವನ್ನು ತಂದು ಬಿಟ್ಟರು. ಈಗ ಸಾಮರ್ಸೆಟ್ ಪ್ರಾಂತದ ಗುಡ್ಡಗಳಲ್ಲಿ ಜೂನ್ ತಿಂಗಳಲ್ಲಿ ಅವು ಹಾರುವುದನ್ನು ನೋಡಲು ಜನ ಬರುತ್ತಾರೆ. ಅವರ ಕಾಲಬಳಿಯೇ ಇರುವೆ, ಉದುರಿದ ಹುಳುವನ್ನು ತನ್ನ ಕೂಸೆಂದು ಈಗಲೂ ಎತ್ತಿಕೊಂಡು ಹೋಗುತ್ತದೆ.