ಕೊಟ್ಟು ಬರಿದಾದ ಕೈ: ಕಾರ್ನಾಡ್ ಸದಾಶಿವರಾಯರ ವಿದ್ಯಾದಾನ

(ಶತಮಾನೋತ್ಸವದ ಅಂಗವಾಗಿ ಧರ್ಮಕೇಂದ್ರದ ಸಭಾಭವನದಲ್ಲಿ ನೀಡಿದ ಉಪನ್ಯಾಸ)



ಶತಮಾನೋತ್ಸವವು ಹಬ್ಬವೂ ಹೌದು, ಲೆಕ್ಕ ಒಪ್ಪಿಸುವ ಕಾಲವೂ ಹೌದು. ಜಾಗ ಬಿಟ್ಟುಕೊಟ್ಟವರು, ಕಲ್ಲು ಹೊತ್ತವರು, ಹಂಚು ಹೊದಿಸಿದವರು, ಇವರೆಲ್ಲರನ್ನೂ ಈ ವರ್ಷವಿಡೀ ನಾವು ಸ್ಮರಿಸುತ್ತಿದ್ದೇವೆ. ಇಂದು ನಮಗೆ ಕೊಟ್ಟಿರುವ ವಿಷಯ ‘ವಿದ್ಯೆ ಮತ್ತು ದಾನ’. ಈ ಬಗ್ಗೆ ಮಾತನಾಡುವಾಗ ನಮ್ಮ ಸಭೆಯವರಲ್ಲದಿದ್ದರೂ ನಮ್ಮ ಮಣ್ಣಿನವರೇ ಆದ ಒಬ್ಬ ಮಹನೀಯರನ್ನು ಮುಂದಿಟ್ಟುಕೊಳ್ಳುವುದು ಯೋಗ್ಯವೆಂದು ನಾವು ಭಾವಿಸಿದ್ದೇವೆ. ಅವರು ಕಾರ್ನಾಡ್ ಸದಾಶಿವರಾಯರು.

ಸುರತ್ಕಲ್ಲಿನಿಂದ ಉತ್ತರಕ್ಕೆ ಹೆದ್ದಾರಿಯಲ್ಲಿ ಹೋಗಿ ಹಳೆಯಂಗಡಿಯನ್ನು ದಾಟಿದರೆ ಮೂಲ್ಕಿ ಸಿಗುತ್ತದೆ. ಕಾರ್ನಾಡು ಅದರ ಮಗ್ಗುಲಲ್ಲೇ ಇದೆ. ದಕ್ಷಿಣಕ್ಕೆ ಮಂಗಳೂರು ಪೇಟೆಯನ್ನು ಸೇರಿದರೆ ಕೆ. ಎಸ್. ರಾವ್ ರಸ್ತೆ. ಆ ರಸ್ತೆಯಲ್ಲಿ ಬಟ್ಟೆ ಕೊಳ್ಳುವವರೂ ಬಸ್ಸಿಗಾಗಿ ಓಡುವವರೂ ದಿನಕ್ಕೆ ಸಾವಿರಾರು ಮಂದಿ ಇದ್ದಾರೆ. ಆದರೆ ಆ ಎರಡು ಅಕ್ಷರಗಳ ಹಿಂದಿರುವ ಮನುಷ್ಯ ಯಾರೆಂದು ಕೇಳಿದರೆ ಉತ್ತರ ಕೊಡಬಲ್ಲವರು ವಿರಳ. ಬೆಂಗಳೂರಿನ ಸಿರಿವಂತರ ಬಡಾವಣೆಯಾದ ಸದಾಶಿವನಗರವೂ ಇವರ ಹೆಸರನ್ನೇ ಹೊತ್ತಿದೆ. ತನ್ನದೆಲ್ಲವನ್ನೂ ಕೊಟ್ಟು ಬಡವರಾಗಿ ಕಣ್ಮುಚ್ಚಿದವರ ಹೆಸರು ನಾಡಿನ ಅತಿ ಬೆಲೆಬಾಳುವ ನಿವೇಶನಗಳ ವಿಳಾಸವಾಗಿ ಉಳಿದಿರುವುದನ್ನು ಕಂಡು ನಗಬೇಕೋ ಮರುಗಬೇಕೋ ತಿಳಿಯದು.

ಅವರ ಕಾರ್ಯದ ಬೆಲೆ ತಿಳಿಯಬೇಕಾದರೆ ಅವರಿಗಿಂತ ಹಿಂದಿನ ಕಾಲವನ್ನು ಸ್ವಲ್ಪ ನೋಡಬೇಕು. ಆಗ ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆಗಳನ್ನು ಸ್ಥಾಪಿಸಿದರು. 1870ರಲ್ಲಿ ಬಂದ ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು ಹೆಣ್ಣುಮಕ್ಕಳ ವಿದ್ಯಾಭ್ಯಾಸವನ್ನು ಕೈಗೆತ್ತಿಕೊಂಡರು; 1921ರಲ್ಲಿ ಅವರು ಸಂತ ಆಗ್ನೆಸ್ ಕಾಲೇಜನ್ನೂ ತೆರೆದರು. 1880ರಲ್ಲಿ ಯೇಸುಸಭೆಯ ಗುರುಗಳು ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ವಕೀಲರಾಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲನ್ನೂ 1894ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನೂ ಸ್ಥಾಪಿಸಿದರು. ಮುಂದೆ 1906ರಲ್ಲಿ ಕೆನರಾ ಬ್ಯಾಂಕಿಗೆ ಮೂಲವಾದ ನಿಧಿಯನ್ನು ಹುಟ್ಟುಹಾಕಿದವರೂ ಅವರೇ. ಕುದ್ಮುಲ್ ರಂಗರಾಯರು ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಮಕ್ಕಳಿಗಾಗಿ ಶಾಲೆ ತೆರೆದು ಸ್ವಂತ ಜಾತಿಯವರ ಬಹಿಷ್ಕಾರವನ್ನೂ ಸಹಿಸಿದರು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂಬಂತಿದ್ದ ನಮ್ಮ ಊರಿನಲ್ಲಿ ವಿದ್ಯೆಯ ಹಸಿವು ಎಲ್ಲ ಮತದವರಿಗೂ ಒಂದೇ ಆಗಿತ್ತು.

ಇಂಥ ಮಂಗಳೂರಿನಲ್ಲಿ 1881ರಲ್ಲಿ ಸದಾಶಿವರಾಯರು ಜನಿಸಿದರು. ತಂದೆ ರಾಮಚಂದ್ರರಾಯರು, ತಾಯಿ ರಾಧಾಬಾಯಿ. ಮನೆತನ ಅನುಕೂಲಸ್ಥ ಸಾರಸ್ವತರದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು, ಮುಂಬಯಿಯಲ್ಲಿ ಕಾನೂನು ಕಲಿತು ಊರಿಗೆ ಮರಳಿ ವಕೀಲಿ ವೃತ್ತಿಯನ್ನು ಹಿಡಿದರು. ಆಸ್ತಿಯಿತ್ತು, ವಿದ್ಯೆಯಿತ್ತು, ವೃತ್ತಿಯಿತ್ತು. ಸರಕಾರದ ಕೃಪೆಗೆ ಪಾತ್ರರಾಗಿ ಸುಖವಾಗಿ ಬಾಳಲು ಇದಕ್ಕಿಂತ ಹೆಚ್ಚೇನೂ ಬೇಕಿರಲಿಲ್ಲ.

ಅವರು ಮೊದಲು ಕೈಹಾಕಿದ್ದು ಹೆಂಗಸರ ಕಷ್ಟಕ್ಕೆ. ಪತ್ನಿ ಶಾಂತಾಬಾಯಿಯವರೊಡನೆ ಸೇರಿ ಮಂಗಳೂರಿನಲ್ಲಿ ಮಹಿಳಾ ಸಭೆಯನ್ನು ಸ್ಥಾಪಿಸಿದರು. ಆ ದಿನಗಳಲ್ಲಿ ಮೇಲ್ಜಾತಿಯ ಮನೆಗಳಲ್ಲಿ ಎಳೆಯ ಪ್ರಾಯದಲ್ಲಿ ಗಂಡನನ್ನು ಕಳೆದುಕೊಂಡ ಹುಡುಗಿಯ ಗತಿ ಏನಾಗಿತ್ತೆಂಬುದನ್ನು ಹಿರಿಯರು ಬಲ್ಲರು. ಅಡಿಗೆಮನೆಯ ಕತ್ತಲೆ, ಯಾರದೋ ಮನೆಯ ಎರಡು ಹೊತ್ತಿನ ಅನ್ನ, ಅದರೊಂದಿಗೆ ಬರುವ ಮಾತುಗಳು. ಅಂಥವರಿಗೆ ಅಕ್ಷರವನ್ನೂ ಕೈಕಸುಬನ್ನೂ ಕಲಿಸಿ, ತಮ್ಮ ಅನ್ನವನ್ನು ತಾವೇ ದುಡಿದುಕೊಳ್ಳುವಂತೆ ಮಾಡುವುದು ಆ ಸಭೆಯ ಗುರಿ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅನ್ನವನ್ನು ಹಾಕುವ ದಾನಿಗಳು ಎಲ್ಲ ಕಾಲದಲ್ಲೂ ಇದ್ದರು. ಆದರೆ ಮರುದಿನ ನನ್ನ ಮನೆಯ ಬಾಗಿಲಿಗೆ ಬರುವ ಅಗತ್ಯವೇ ಇಲ್ಲದಂತೆ ಮಾಡುವ ದಾನಕ್ಕೆ ಬೇರೆಯೇ ಮನಸ್ಸು ಬೇಕು. ವಿದ್ಯಾದಾನ ಅಂಥದ್ದು. ಅದನ್ನು ಪಡೆದವನು ದಾನಿಯ ಕೈಯಿಂದ ಬಿಡುಗಡೆ ಹೊಂದುತ್ತಾನೆ.

1919ರಲ್ಲಿ ರೌಲತ್ ಕಾಯಿದೆಯ ವಿರುದ್ಧ ಗಾಂಧೀಜಿಯವರು ಸತ್ಯಾಗ್ರಹದ ಪ್ರತಿಜ್ಞೆಗೆ ಕರೆಕೊಟ್ಟಾಗ, ಕರ್ನಾಟಕದಿಂದ ಸಹಿ ಹಾಕಿದವರಲ್ಲಿ ಮೊದಲಿಗರೆಂದು ಸದಾಶಿವರಾಯರು ಹೆಸರಾದರು. 1920ರ ಆಗಸ್ಟ್ 19ರಂದು ಗಾಂಧೀಜಿಯವರು ಶೌಕತ್ ಅಲಿಯವರೊಡನೆ ಮಂಗಳೂರಿಗೆ ಬಂದರು. ಅದೇ ವರ್ಷದ ಕೊನೆಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ಅಸಹಕಾರದ ನಿರ್ಣಯವನ್ನು ದೃಢಪಡಿಸಿತು. ವಕೀಲರು ನ್ಯಾಯಾಲಯವನ್ನು ಬಿಡಬೇಕು, ವಿದ್ಯಾರ್ಥಿಗಳು ಸರಕಾರಿ ಶಾಲೆ ಕಾಲೇಜುಗಳನ್ನು ಬಿಡಬೇಕು ಎಂಬುದು ಕರೆ. ರಾಯರು ವಕೀಲಿಯನ್ನು ತ್ಯಜಿಸಿದರು. ಕಾಲೇಜು ಬಿಟ್ಟ ಹುಡುಗರಲ್ಲಿ ಕೋಟದ ಶಿವರಾಮ ಕಾರಂತರೂ ಒಬ್ಬರು.

ಕಾಲೇಜು ಬಿಡಿ ಎನ್ನುವುದು ಸುಲಭ. ಬಿಟ್ಟ ಮಕ್ಕಳನ್ನು ಎಲ್ಲಿ ಕೂರಿಸುವುದು? ಈ ಪ್ರಶ್ನೆಗೆ ಉತ್ತರವಾಗಿ ದೇಶದುದ್ದಕ್ಕೂ ರಾಷ್ಟ್ರೀಯ ಶಾಲೆಗಳು ಹುಟ್ಟಿದವು. ಮಂಗಳೂರಿನಲ್ಲಿ ಸದಾಶಿವರಾಯರು ಲೋಕಮಾನ್ಯರ ಹೆಸರಿನಲ್ಲಿ ತಿಲಕ ವಿದ್ಯಾಲಯವನ್ನು ತೆರೆದರು. ಅಲ್ಲಿ ಹಿಂದಿಯನ್ನು ಕಲಿಸಿದರು, ನೂಲುವುದನ್ನೂ ನೇಯುವುದನ್ನೂ ಕಲಿಸಿದರು.

ಈ ಶಾಲೆಗಳ ಹಣಕಾಸಿನ ಸ್ಥಿತಿಯನ್ನು ಅರ್ಥಮಾಡಿಕೊಳ್ಳದೆ ರಾಯರ ತ್ಯಾಗ ಅರ್ಥವಾಗದು. 1854ರ ವುಡ್ ಅವರ ಶಿಕ್ಷಣ ನಿರೂಪದ ನಂತರ ಖಾಸಗಿ ಶಾಲೆಗಳಿಗೆ ಸರಕಾರ ಅನುದಾನ ಕೊಡುವ ಪದ್ಧತಿ ಬಂತು. ಅನುದಾನ ಪಡೆದ ಶಾಲೆಗೆ ಸರಕಾರದ ಇನ್ಸ್‌ಪೆಕ್ಟರು ಬರುತ್ತಿದ್ದರು, ನಿಯಮಗಳಿಗೆ ಒಳಪಡಬೇಕಾಗಿತ್ತು. ಪ್ರತಿಯಾಗಿ ಮೇಷ್ಟರ ಸಂಬಳಕ್ಕೆ ನೆರವು, ಪರೀಕ್ಷೆಗೆ ಮಾನ್ಯತೆ, ಮುಂದೆ ನೌಕರಿಗೆ ದಾರಿ. ನಮ್ಮ ಮಿಶನ್ ಶಾಲೆಗಳೂ ಹಿಂದೂ ಬಂಧುಗಳ ಶಾಲೆಗಳೂ ಬೆಳೆದದ್ದು ಬಹುಮಟ್ಟಿಗೆ ಈ ಏರ್ಪಾಟಿನಲ್ಲಿ. ಸಾವಿರಾರು ಬಡ ಮಕ್ಕಳು ಅದರಿಂದ ಮೇಲೆ ಬಂದರು. ರಾಷ್ಟ್ರೀಯ ಶಾಲೆ ಈ ಅನುದಾನವನ್ನು ಬೇಡವೆಂದಿತು. ಅದರ ಸರ್ಟಿಫಿಕೇಟಿಗೆ ಸರಕಾರಿ ಕಚೇರಿಯಲ್ಲಿ ಬೆಲೆಯಿರಲಿಲ್ಲ. ಬೆಲೆಯಿಲ್ಲದ ಸರ್ಟಿಫಿಕೇಟಿಗೆ ಹೆಚ್ಚು ಫೀಸು ಕೊಡುವವರು ಯಾರು? ಆದ್ದರಿಂದ ಮೇಷ್ಟರ ಸಂಬಳ, ಕಟ್ಟಡ, ಚರಕ, ಮಗ್ಗ, ನೂಲು, ಎಲ್ಲದರ ಹೊರೆಯೂ ಒಬ್ಬ ದಾನಿಯ ಅಥವಾ ಕೆಲವೇ ದಾನಿಗಳ ಮೇಲೆ ಬೀಳುತ್ತಿತ್ತು. ಗುಜರಾತ್ ವಿದ್ಯಾಪೀಠ, ಕಾಶಿ ವಿದ್ಯಾಪೀಠ, ಜಾಮಿಯಾ ಮಿಲ್ಲಿಯಾದಂಥ ಕೆಲವು ಸಂಸ್ಥೆಗಳು ಬಿರುಗಾಳಿಯನ್ನು ದಾಟಿ ಇಂದಿಗೂ ಬಾಳುತ್ತಿವೆ. ಚಿಕ್ಕ ಊರುಗಳ ರಾಷ್ಟ್ರೀಯ ಶಾಲೆಗಳಲ್ಲಿ ಹೆಚ್ಚಿನವು 1922ರಲ್ಲಿ ಚಳುವಳಿ ನಿಂತ ಮೇಲೆ ಸೊರಗಿದವು.

ಮಂಗಳೂರಿನಲ್ಲಿ ಆ ಹೊರೆ ಹೊತ್ತ ಹೆಗಲು ಸದಾಶಿವರಾಯರದು. ಶಾಲೆ ಮಾತ್ರವಲ್ಲ, ಖಾದಿ ಪ್ರಚಾರ, ಕಾಂಗ್ರೆಸ್ಸಿನ ಖರ್ಚು, ಸೆರೆಗೆ ಹೋದವರ ಸಂಸಾರ, ಊರಿಗೆ ಬಂದ ಮುಖಂಡರ ಊಟೋಪಚಾರ, ಎಲ್ಲವೂ ಅವರ ಮನೆಯ ಬಾಗಿಲಿಗೇ ಬಂದವು. ಅತ್ತ ವಕೀಲಿಯ ಆದಾಯ ನಿಂತಿತ್ತು, ಇತ್ತ ಆಸ್ತಿ ಕರಗುತ್ತಿತ್ತು. ಕಾನೂನುಭಂಗ ಚಳುವಳಿಯ ಕಾಲದಲ್ಲಿ ಅವರೂ ಸೆರೆವಾಸ ಅನುಭವಿಸಿದರು. 1936ರ ಡಿಸೆಂಬರ್ ಕೊನೆಯಲ್ಲಿ ಮಹಾರಾಷ್ಟ್ರದ ಫೈಜಪುರದಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಹಳ್ಳಿಯೊಂದರಲ್ಲಿ ನಡೆದ ಮೊದಲ ಅಧಿವೇಶನವದು. ಬಿದಿರಿನ ಚಪ್ಪರ, ಚಳಿಗಾಲ. ಅಲ್ಲಿಗೆ ಹೋಗಿದ್ದ ರಾಯರು ಜ್ವರಪೀಡಿತರಾಗಿ 1937ರ ಜನವರಿ 9ರಂದು ಮುಂಬಯಿಯಲ್ಲಿ ಕೊನೆಯುಸಿರೆಳೆದರು. ವಯಸ್ಸು ಅರುವತ್ತು ಕೂಡ ಆಗಿರಲಿಲ್ಲ. ಸ್ವಾತಂತ್ರ್ಯ ಬರಲು ಇನ್ನೂ ಹತ್ತು ವರ್ಷವಿತ್ತು. ಅವರ ಬಾಳಿನ ಛಾಯೆಯನ್ನು ಕಾರಂತರು ತಮ್ಮ ಒಂದು ಕಾದಂಬರಿಯಲ್ಲಿ ಮೂಡಿಸಿದರು. ಅದಕ್ಕೆ ಅವರಿಟ್ಟ ಹೆಸರು ‘ಔದಾರ್ಯದ ಉರುಳಲ್ಲಿ’. ಔದಾರ್ಯವೂ ಒಂದು ಉರುಳಾಗಬಲ್ಲದೆಂಬ ಆ ಹೆಸರು ನಮ್ಮನ್ನು ಚಿಂತೆಗೆ ಹಚ್ಚುವಂಥದು.

ಬಂಧುಗಳೇ, ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ತನ್ನದೆಲ್ಲವನ್ನೂ ಕೊಟ್ಟು ಬರಿಗೈಯಾಗುವುದು ವಿವೇಕವೇ? ಸುಬ್ಬರಾವ್ ಪೈಗಳು ಶಾಲೆಯನ್ನು ಕಟ್ಟಿದರು, ಜೊತೆಗೆ ಹಲವರ ಹಣವನ್ನು ಕೂಡಿಸುವ ನಿಧಿಯನ್ನೂ ಕಟ್ಟಿದರು. ಅವರ ನಂತರವೂ ಶಾಲೆ, ಬ್ಯಾಂಕು ಎರಡೂ ಬೆಳೆದವು. ಸದಾಶಿವರಾಯರು ತಮ್ಮನ್ನೇ ನಿಧಿಯಾಗಿಸಿಕೊಂಡರು, ನಿಧಿ ಬತ್ತಿತು. ವ್ಯವಹಾರದ ದೃಷ್ಟಿಯಿಂದ ಪೈಗಳ ಮಾರ್ಗವೇ ಸರಿಯೆಂದು ಯಾರಾದರೂ ಹೇಳಿದರೆ ನಾವು ಅಲ್ಲಗಳೆಯಲಾರೆವು. ಆದರೆ ಆ ತೂಕ ಅರ್ಧ ಸತ್ಯ. ರಾಯರು ಅತಿಯಾಗಿ ಕೊಟ್ಟರೆಂದು ಹೇಳುವವರು, ಅವರ ಸುತ್ತಲಿದ್ದವರು ಅತಿ ಕಡಿಮೆ ಕೊಟ್ಟರೆಂಬುದನ್ನೂ ಹೇಳಬೇಕಾಗುತ್ತದೆ. ಹತ್ತು ಮಂದಿ ಹೊರಬೇಕಾದ ತೊಲೆಯನ್ನು ಒಬ್ಬನೇ ಹೊತ್ತು ಕುಸಿದರೆ, ತಪ್ಪು ಹೊತ್ತವನದೋ, ಕೈಕಟ್ಟಿ ನಿಂತವರದೋ?

ವಿದ್ಯಾಲಯ ಬಾಳಲಿಲ್ಲವೆಂದು ವಿದ್ಯಾದಾನ ವ್ಯರ್ಥವಾಗಲಿಲ್ಲವೆಂಬುದನ್ನೂ ನೆನಪಿಡೋಣ. ನಮ್ಮ ಊರೇ ಸಾಕ್ಷಿ. ನಮ್ಮ ಜಿಲ್ಲೆಯ ಕಾಂಗ್ರೆಸ್ಸಿನಲ್ಲಿ ರಾಯರ ನಂತರ ಬೆಳೆದ ಉಳ್ಳಾಲ ಶ್ರೀನಿವಾಸ ಮಲ್ಯರು ಪಟ್ಟುಹಿಡಿದು ದುಡಿದ ಫಲವಾಗಿ 1960ರಲ್ಲಿ ಸುರತ್ಕಲ್ಲಿನ ಕಡಲ ತೀರದಲ್ಲಿ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ಉದಯಿಸಿತು. 2002ರಿಂದ ಅದು ರಾಷ್ಟ್ರೀಯ ತಾಂತ್ರಿಕ ಸಂಸ್ಥೆ. ಒಬ್ಬ ದಾನಿಯ ಚೀಲದಿಂದ ನಡೆಯಬೇಕಾಗಿದ್ದ ರಾಷ್ಟ್ರೀಯ ಶಿಕ್ಷಣ, ಸ್ವತಂತ್ರ ರಾಷ್ಟ್ರದ ಖಜಾನೆಯಿಂದಲೇ ನಡೆಯುವಂತಾಯಿತು. ತಿಲಕ ವಿದ್ಯಾಲಯದ ಮಗ್ಗದ ಮುಂದೆ ಕೂತ ಹುಡುಗರು ಕಂಡ ಕನಸು ಬೇರೊಂದು ರೂಪದಲ್ಲಿ ಕೈಗೂಡಿತೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಹಾಗಾದರೆ ನಮ್ಮ ಪಾಲಿನ ಕರ್ತವ್ಯವೇನು? 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವಯಸ್ಸಿನವರೆಗೆ ಉಚಿತ ಶಿಕ್ಷಣದ ಭರವಸೆಯನ್ನು ಕೊಟ್ಟಿದೆ. ಕಷ್ಟ ಶುರುವಾಗುವುದು ಆಮೇಲೆ. ಮೀನುಗಾರಿಕೆಯ ಮನೆಯ ಹುಡುಗ, ಬೀಡಿ ಕಟ್ಟುವ ತಾಯಿಯ ಮಗಳು, ಕೂಲಿಗೆಂದು ಹೊರಗಿನಿಂದ ಬಂದು ನಮ್ಮ ನಡುವೆ ನೆಲೆಸಿದ ಸಂಸಾರದ ಮಗು, ಇವರು ಹತ್ತನೆಯ ತರಗತಿ ಮುಗಿಸಿ ನಿಲ್ಲುವ ಕವಲುದಾರಿಯಲ್ಲಿ ಕೈಹಿಡಿಯುವವರು ಕಡಿಮೆ. ನಮ್ಮ ಸೂಚನೆ ಸರಳವಾದುದು. ಶತಮಾನೋತ್ಸವದ ಖರ್ಚು ಕಳೆದು ಉಳಿಯುವ ಹಣವನ್ನು ಒಂದು ವಿದ್ಯಾನಿಧಿಯಾಗಿ ಇಡೋಣ. ಅದು ಒಬ್ಬ ಸಿರಿವಂತನ ನಿಧಿಯಾಗದೆ, ಪ್ರತಿ ವಾಡೊದ ಪ್ರತಿ ಮನೆಯೂ ತಿಂಗಳಿಗೆ ತನ್ನ ಶಕ್ತಿಯಷ್ಟು ಹಾಕುವ ನಿಧಿಯಾಗಲಿ. ನೆರವು ಪಡೆಯುವ ಮಗುವಿನ ಮತವನ್ನು ಯಾರೂ ಕೇಳದಿರಲಿ. ದಾನಿಗಳ ಹೆಸರಿನ ಅಮೃತಶಿಲೆಯ ಫಲಕವೂ ಬೇಡ. ಫಲಕದ ಖರ್ಚಿನಲ್ಲಿ ಒಂದು ಮಗುವಿನ ಒಂದು ವರ್ಷದ ಪುಸ್ತಕ ಬಂದೀತು. ಲೆಕ್ಕವನ್ನು ಮಾತ್ರ ವರ್ಷಕ್ಕೊಮ್ಮೆ ಎಲ್ಲರೆದುರು ಓದಿ ಹೇಳೋಣ.

ಸದಾಶಿವರಾಯರಂಥವರು ನೂರು ವರ್ಷಕ್ಕೊಬ್ಬರು ಹುಟ್ಟಿಯಾರು. ಅವರಂತೆ ಎಲ್ಲವನ್ನೂ ಕೊಡಿರೆಂದು ನಾವು ಯಾರನ್ನೂ ಕೇಳುವುದಿಲ್ಲ. ಹಾಗೆ ಕೇಳುವ ಹಕ್ಕೂ ನಮಗಿಲ್ಲ. ಆದರೆ ಎಲ್ಲರೂ ಸ್ವಲ್ಪ ಸ್ವಲ್ಪ ಕೊಟ್ಟರೆ, ಯಾರೊಬ್ಬರೂ ಎಲ್ಲವನ್ನೂ ಕೊಟ್ಟು ಬರಿದಾಗಬೇಕಾದ ಸ್ಥಿತಿ ನಮ್ಮ ಊರಿಗೆ ಮತ್ತೆ ಬಾರದು. ಅವರಿಗೆ ನಾವು ಸಲ್ಲಿಸಬಹುದಾದ ಯೋಗ್ಯವಾದ ಗೌರವ ಇದೇ ಎಂದು ನಂಬಿದ್ದೇವೆ. ದೇವರು ಎಲ್ಲರನ್ನೂ ಹರಸಲಿ.