ಖಾಲಿ ಹಾರುವ ವಿಮಾನಕ್ಕೂ ಬಾಡಿಗೆ

(ಮುಂಬಯಿಯಲ್ಲಿ ನಡೆದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಸಮಿತಿಯ ಸದಸ್ಯರೊಬ್ಬರು ಆಡಿದ ಮಾತುಗಳು)



ನಿಧಿಯ ಲೆಕ್ಕಪತ್ರವನ್ನು ಖಜಾಂಚಿಯವರು ಈಗಾಗಲೇ ಓದಿದ್ದಾರೆ. ನಾನು ಒಂದೇ ವಿಷಯ ಹೇಳುತ್ತೇನೆ. ರೋಗಿಯನ್ನು ಊರಿಗೆ ಒಯ್ಯಲು ವಿಮಾನ ಬಾಡಿಗೆಗೆ ಹಿಡಿದರೆ ಎಷ್ಟು ಖರ್ಚು, ಅದು ಯಾಕೆ ಅಷ್ಟು? ನಿವೃತ್ತಿಗೆ ಮೊದಲು 26 ವರ್ಷ ನಾನು ಚಾರ್ಟರ್ ವಿಮಾನಗಳ ಬಿಲ್ಲು ಬರೆದವನು. ಅಂಥ ಬಿಲ್ಲು ನಮ್ಮವರ ಮನೆಗೂ ಬಂದೀತು ಎಂದು ಆಗ ಅಂದುಕೊಂಡಿರಲಿಲ್ಲ.

ಕಳೆದ ಮಳೆಗಾಲದ ಒಂದು ರಾತ್ರಿ ಹನ್ನೊಂದಕ್ಕೆ ಫೋನು ಬಂತು. ಹೋಟೆಲಿನಲ್ಲಿ ದುಡಿಯುವ ನಮ್ಮ ಸದಸ್ಯರೊಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವವಾಗಿ, ಆಪರೇಷನ್ ಆಗಿ, ಇಲ್ಲಿನ ಆಸ್ಪತ್ರೆಯ ಐಸಿಯುನಲ್ಲಿದ್ದರು. ಅವರ ಭಾವಮೈದುನ ಹೇಳಿದ: “ಅಣ್ಣಾ, ಭಾವನನ್ನು ಮಂಗಳೂರಿಗೇ ಕರೆದುಕೊಂಡು ಹೋಗುವ ಅಂತ ಅಕ್ಕ ಹಟ ಹಿಡಿದಿದ್ದಾಳೆ. ಏರ್ ಆಂಬ್ಯುಲೆನ್ಸ್‌ನವರು 14 ಲಕ್ಷ ಹೇಳ್ತಾರೆ. ಬೆಳಿಗ್ಗೆ ಅರ್ಧ ಹಣ ಕಟ್ಟಬೇಕಂತೆ. ಊರಿನ ಜಾಗ ಅಡವಿಟ್ಟರೆ ಆಗ್ತದೆ. ಸಂಘದಿಂದ ಎಷ್ಟು ಸಿಗ್ತದೆ?”

“ಬೆಳಿಗ್ಗೆ ನಾನು ಬರುವವರೆಗೆ ಒಂದು ಪೈಸೆ ಕಟ್ಟಬೇಡ” ಎಂದೆ.

ಒಂದೂವರೆ ಗಂಟೆಯ ದಾರಿಗೆ 14 ಲಕ್ಷವೇ, ಇದು ಮೋಸ ಎಂದು ನಿಮಗನಿಸಬಹುದು. ಮೋಸವಲ್ಲ. ಲೆಕ್ಕ ನೋಡಿ. ಆ ದಿನ ವಿಮಾನ ಇದ್ದದ್ದು ದೆಹಲಿಯಲ್ಲಿ. ಅದು ಖಾಲಿಯಾಗಿ ಮುಂಬಯಿಗೆ ಬರಬೇಕು, ಸುಮಾರು 1,150 ಕಿ.ಮೀ. ರೋಗಿಯನ್ನು ಹತ್ತಿಸಿಕೊಂಡು ಮಂಗಳೂರಿಗೆ ಸುಮಾರು 700 ಕಿ.ಮೀ. ಮತ್ತೆ ಖಾಲಿಯಾಗಿ ದೆಹಲಿಗೆ ಸುಮಾರು 1,750 ಕಿ.ಮೀ. ಒಟ್ಟು 3,600 ಕಿ.ಮೀ. ಗಂಟೆಗೆ 450 ಕಿ.ಮೀ. ಹೋಗುವ ಸಣ್ಣ ಪ್ರೊಪೆಲ್ಲರ್ ವಿಮಾನಕ್ಕೆ ಎಂಟು ಗಂಟೆ. ಗಂಟೆಗೆ ಒಂದೂವರೆ ಲಕ್ಷ ಎಂದು ಹಿಡಿದರೂ 12 ಲಕ್ಷವಾಯಿತು. ಆಟೋದವನು ಕೇಳುವ ರಿಟರ್ನ್ ಬಾಡಿಗೆಯ ಹಾಗೆಯೇ ಇದು. ರೋಗಿ ಮಲಗಿರುವುದು ಒಂದೂವರೆ ಗಂಟೆ, ಹಣ ಎಂಟು ಗಂಟೆಯದು.

ಇದರ ಮೇಲೆ ಡಾಕ್ಟರು, ನರ್ಸು, ವೆಂಟಿಲೇಟರು, ಆಕ್ಸಿಜನ್, ಎರಡೂ ಕಡೆಯ ಆಂಬ್ಯುಲೆನ್ಸು, ನಿಲ್ದಾಣದ ಲ್ಯಾಂಡಿಂಗ್ ಮತ್ತು ಪಾರ್ಕಿಂಗ್ ಶುಲ್ಕ. ಪೈಲಟ್‌ಗಳು ರಾತ್ರಿ ತಂಗಿದರೆ ಅದೂ ಸೇರುತ್ತದೆ. ಇನ್ನೊಂದು ವಿಷಯ: ತಲೆಯ ಆಪರೇಷನ್ ಆದವರ ಬುರುಡೆಯೊಳಗೆ ಗಾಳಿ ಉಳಿದಿದ್ದರೆ, ಮೇಲೆ ಹೋದಂತೆ ಒತ್ತಡ ಕಡಿಮೆಯಾಗಿ ಅದು ಹಿಗ್ಗುತ್ತದೆ. ಅದಕ್ಕೇ ಎಷ್ಟೋ ಸಲ ವಿಮಾನವನ್ನು ತಗ್ಗಿನಲ್ಲಿ ಹಾರಿಸುತ್ತಾರೆ. ತಗ್ಗಿನಲ್ಲಿ ಹಾರಿದರೆ ಇಂಧನ ಹೆಚ್ಚು ಬೇಕು.

ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಡಾಕ್ಟರರನ್ನು ಕೇಳಿದೆ: “ಇಲ್ಲಿ ಇಲ್ಲದ ಯಾವ ಚಿಕಿತ್ಸೆ ಅಲ್ಲಿದೆ?” “ಯಾವುದೂ ಇಲ್ಲ. ಈಗ ಅಲುಗಾಡಿಸದೆ ಇರುವುದೇ ಒಳ್ಳೆಯದು” ಎಂದರು. ಆ ತಂಗಿಗೆ ಇದನ್ನು ಹೇಳುವುದು ಸುಲಭವಾಗಿರಲಿಲ್ಲ. “ಇಲ್ಲಿ ನನಗೆ ಯಾರಿದ್ದಾರೆ ಅಣ್ಣಾ? ಊರಲ್ಲಾದರೆ ಅತ್ತೆ ಇದ್ದಾರೆ, ಅಮ್ಮ ಇದ್ದಾರೆ” ಎಂದು ಅತ್ತರು. ಅವರಿಗೆ ಬೇಕಾಗಿದ್ದದ್ದು ವಿಮಾನವಲ್ಲ, ಜೊತೆಗೆ ನಿಲ್ಲುವ ಜನ. ಮರುದಿನದಿಂದ ನಮ್ಮ ಮಹಿಳಾ ವಿಭಾಗದವರು ಸರದಿಯಂತೆ ಆಸ್ಪತ್ರೆಯಲ್ಲಿ ಕುಳಿತರು. ಆದರೂ ನನಗೆ ನಾಲ್ಕು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಹೆಚ್ಚುಕಡಿಮೆಯಾದರೆ “ಇವರೇ ಬೇಡ ಎಂದದ್ದು” ಎಂಬ ಮಾತು ಬರುತ್ತಿತ್ತಲ್ಲ.

ಐದನೆಯ ವಾರ ಅವರು ಗಾಲಿಕುರ್ಚಿಯಲ್ಲಿ, ಒಬ್ಬ ನರ್ಸಿನ ಜೊತೆಗೆ, ಸಾಮಾನ್ಯ ವಿಮಾನದಲ್ಲೇ ಊರಿಗೆ ಹೋದರು. ಡಾಕ್ಟರರು ತುಂಬಿದ ಮೆಡಿಫ್ ಎಂಬ ಫಾರಂ ಏರ್‌ಲೈನ್‌ಗೆ ಮೊದಲೇ ಕೊಟ್ಟಿದ್ದೆವು. ಕುಳಿತುಕೊಳ್ಳಲಾಗದವರಿಗೆ ಕೆಲವು ಏರ್‌ಲೈನ್‌ಗಳು ಹಲವು ಸೀಟುಗಳನ್ನು ಮಡಚಿ ಅದರ ಮೇಲೆ ಸ್ಟ್ರೆಚರ್ ಹಾಕಿಕೊಡುತ್ತವೆ. ಅಷ್ಟೂ ಸೀಟಿನ ಹಣ ಕೊಡಬೇಕು, ಆದರೂ ಚಾರ್ಟರಿಗಿಂತ ಎಷ್ಟೋ ಕಡಿಮೆ. ಊರಿನ ಜಾಗ ಉಳಿಯಿತು. ಆ ಮನೆಯವರಿಗೆ ನಿಧಿ ಕೊಟ್ಟ ಹಣ ಔಷಧಿಗೆ, ಫಿಸಿಯೋಥೆರಪಿಗೆ ಹೋಯಿತು.

ಏರ್ ಆಂಬ್ಯುಲೆನ್ಸ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಇರುವ ಊರಿನಲ್ಲಿ ಚಿಕಿತ್ಸೆಯೇ ಇಲ್ಲ, ರಸ್ತೆಯಲ್ಲಿ ಹೋದರೆ ಜೀವ ಉಳಿಯದು ಎಂದು ಡಾಕ್ಟರರೇ ಹೇಳಿದರೆ ಹಿಡಿಯಲೇಬೇಕು. ಆಗ ಇಷ್ಟು ಕೇಳಿ. ವಿಮಾನ ಈಗ ಎಲ್ಲಿದೆ? ನಮ್ಮ ಕಡೆಯಿಂದ ಖಾಲಿ ಮರಳುವ ವಿಮಾನ ಯಾವುದಾದರೂ ಇದೆಯೇ? ಹೇಳಿದ ಮೊತ್ತದಲ್ಲಿ ಡಾಕ್ಟರು, ಎರಡೂ ಆಂಬ್ಯುಲೆನ್ಸು, ತೆರಿಗೆ ಸೇರಿವೆಯೇ? ಹೊರಡುವ ಮೊದಲೇ ರೋಗಿಯ ಸ್ಥಿತಿ ಕೆಟ್ಟರೆ ಎಷ್ಟು ಹಣ ವಾಪಸು? ಮಾತಾಡುತ್ತಿರುವವರು ವಿಮಾನದ ಕಂಪೆನಿಯವರೋ, ಮಧ್ಯವರ್ತಿಯೋ? ಡಿಜಿಸಿಎ ಪರವಾನಗಿ ಯಾರ ಹೆಸರಿನಲ್ಲಿದೆ? ಎಲ್ಲಕ್ಕಿಂತ ಮೊದಲು, ಆ ಕಡೆಯ ಆಸ್ಪತ್ರೆಯಲ್ಲಿ ಹಾಸಿಗೆ ಖಾತ್ರಿಯಾಗಿದೆಯೇ? ಉತ್ತರಗಳನ್ನು ಬರಹದಲ್ಲಿ ಪಡೆದ ಮೇಲೆಯೇ ಹಣ ಕಟ್ಟಿ.

ದಾನಿಗಳಲ್ಲಿ ನನ್ನ ವಿನಂತಿ ಇಷ್ಟೇ. ನಮ್ಮ ನಿಧಿಗೆ ವಿಮಾನ ಹಾರಿಸುವ ಶಕ್ತಿ ಇಲ್ಲ. ಆದರೆ ಒಂದು ಸ್ಟ್ರೆಚರ್ ಸೀಟು, ಜೊತೆಗೆ ಹೋಗುವ ನರ್ಸಿನ ಖರ್ಚು, ಐಸಿಯು ಆಂಬ್ಯುಲೆನ್ಸಿನ ಬಾಡಿಗೆ, ಇವನ್ನು ನೀವು ಕೈಜೋಡಿಸಿದರೆ ಕೊಡಬಹುದು. ಸದಸ್ಯರಿಗೆ ಒಂದು ಮಾತು: ಜಾಗ ಅಡವಿಡುವ ಮೊದಲು, ಚಿನ್ನ ಮಾರುವ ಮೊದಲು ಸಮಿತಿಗೆ ಫೋನು ಮಾಡಿ. ನಡುರಾತ್ರಿಯಾದರೂ ಸರಿ.