ಪುಟ್ಟಿಯ ಪಿಕಾಚು

 

ಇವತ್ತಿನ ಮಾತು ಒಂದು ಹಳೇ ಗೇಮ್ ಬಗ್ಗೆ. ಹೆಸರು ಪೊಕೆಮಾನ್ ಯೆಲ್ಲೋ. ಜಪಾನಿನಲ್ಲಿ 1998ರಲ್ಲಿ ಬಂತು, ಮರುವರ್ಷ ಅಮೆರಿಕಕ್ಕೆ. ನಿಮ್ಮಲ್ಲಿ ಕೆಲವರು ಇದನ್ನ ಫೋನ್‌ನಲ್ಲಿ ಎಮ್ಯುಲೇಟರ್ ಹಾಕಿ ಆಡಿರಬಹುದು. ನಾನು ಆಡಿದ್ದು ಗೇಮ್ ಬಾಯ್ ಕಲರ್‌ನಲ್ಲಿ. 2003ರಲ್ಲಿ ದುಬೈಯಿಂದ ರಜೆಗೆ ಬಂದ ಮಾವ ಸೂಟ್‌ಕೇಸಿಂದ ತೆಗೆದುಕೊಟ್ಟಿದ್ದು. ನಮ್ಮ ಕುಂದಾಪುರ ಕಡೆ ಮನೆಗೊಬ್ಬರು ಗಲ್ಫ್‌ನಲ್ಲಿ ಇರ್ತಿದ್ರಲ್ಲ, ಹಾಗೆ. ಎರಡು ಪೆನ್ಸಿಲ್ ಸೆಲ್ ಹಾಕಬೇಕು. ಸ್ಕ್ರೀನ್‌ಗೆ ಒಳಗಿಂದ ಬೆಳಕಿಲ್ಲ, ಟ್ಯೂಬ್‌ಲೈಟ್ ಕೆಳಗೇ ಕೂತು ಆಡಬೇಕು. ಕರೆಂಟ್ ಹೋಯ್ತು ಅಂದ್ರೆ ಆಟ ಮುಗೀತು, ಸೆಲ್ ಎಷ್ಟೇ ಇದ್ರೂ.

ಇದಕ್ಕೂ ಮುಂಚಿನ ಪೊಕೆಮಾನ್ ಗೇಮ್‌ಗಳಲ್ಲಿ ಮೊದಲಿಗೆ ಮೂರರಲ್ಲಿ ಒಂದು ಪ್ರಾಣಿ ಆರಿಸ್ಕೋಬೇಕಿತ್ತು. ಯೆಲ್ಲೋದಲ್ಲಿ ಆ ಆಯ್ಕೆ ಇಲ್ಲ. ಸಿಗೋದು ಪಿಕಾಚು, ಅಷ್ಟೇ. ಟಿವಿ ಕಾರ್ಟೂನ್‌ನಲ್ಲಿ ಇದ್ದ ಹಾಗೇ ಅದು ಚೆಂಡಿನ ಒಳಗೆ ಹೋಗಲ್ಲ, ನಿಮ್ಮ ಹಿಂದೆಯೇ ನಡ್ಕೊಂಡು ಬರುತ್ತೆ. ಹಿಂದೆ ತಿರುಗಿ ಎ ಬಟನ್ ಒತ್ತಿದ್ರೆ ಅದರ ಮುಖ ಸ್ಕ್ರೀನ್ ಮೇಲೆ ಬರುತ್ತೆ. ನಗ್ತಿದೆಯೋ, ಮುಖ ತಿರುಗಿಸಿದೆಯೋ ಗೊತ್ತಾಗುತ್ತೆ. ಕಾರ್ಟೂನ್‌ನಲ್ಲಿ ಧ್ವನಿ ಕೊಟ್ಟ ಇಕುಎ ಒತಾನಿ ಅವರ ಧ್ವನಿಯೇ ಆ ಚಿಕ್ಕ ಸ್ಪೀಕರಿಂದ ಗೊರಗೊರ ಅಂತ ಬರೋದು. ಥಂಡರ್ ಸ್ಟೋನ್ ಅನ್ನೋ ಕಲ್ಲು ಕೊಟ್ರೆ ಬೇರೆ ಗೇಮ್‌ಗಳಲ್ಲಿ ಪಿಕಾಚು ರಾಯ್‌ಚು ಆಗಿ ಬೆಳೆಯುತ್ತೆ. ಇಲ್ಲಿ ಕೊಟ್ರೆ ಒಪ್ಪಲ್ಲ.

ಅದರ ಖುಷಿಯ ಲೆಕ್ಕಕ್ಕೆ ಒಂದು ಸಂಖ್ಯೆ ಇತ್ತು. ಅತಿ ಹೆಚ್ಚೆಂದ್ರೆ 255. ಲೆವೆಲ್ ಏರಿದ್ರೆ, ಔಷಧ ಕೊಟ್ರೆ, ಜೊತೆಗೆ ನಡೆದ್ರೆ ಹೆಚ್ಚುತ್ತೆ. ಸೋತು ಬಿದ್ರೆ, ಕಂಪ್ಯೂಟರ್ ಡಬ್ಬಿಗೆ ಹಾಕಿ ಇಟ್ರೆ ಕಮ್ಮಿ ಆಗುತ್ತೆ. ನಮಗೆ ಆಗ ಇದು ಗೊತ್ತಿರಲಿಲ್ಲ, ಆ ಸಂಖ್ಯೆಯನ್ನ ಗೇಮ್ ಎಲ್ಲೂ ತೋರಿಸಲ್ಲ.

ನಾನು ಏನ್ಮಾಡಿದ್ದೆ ಹೇಳ್ತೀನಿ. ಮೊದಲ ದೊಡ್ಡ ಎದುರಾಳಿ ಬ್ರಾಕ್. ಅವನ ಹತ್ರ ಇರೋದು ಜಿಯೊಡೂಡ್, ಆನಿಕ್ಸ್. ಎರಡೂ ಕಲ್ಲುಮಣ್ಣಿನ ಜಾತಿ, ಅವಕ್ಕೆ ಕರೆಂಟ್ ಹೊಡೆಯೋದೇ ಇಲ್ಲ. ಪಿಕಾಚು ಬರೀ ಬಿದ್ದಿದ್ದೇ ಬಿದ್ದಿದ್ದು. ಸಿಟ್ಟು ಬಂದು ಡಬ್ಬಿಗೆ ಹಾಕಿಬಿಟ್ಟೆ. ತಂಡದಲ್ಲಿ ಆರು ಜಾಗ ಇರುತ್ತೆ, ನನ್ನ ಹತ್ರ ಇದ್ದದ್ದು ಮೂರೇ. ಹಾಕೋ ಅವಶ್ಯಕತೆಯೇ ಇರಲಿಲ್ಲ. ಸಿಟ್ಟು ಇಳಿದಾಗ ತೆಗೀತಿದ್ದೆ, ಸೋತ್ರೆ ಮತ್ತೆ ಒಳಗೆ.

ಪಕ್ಕದಲ್ಲಿ ಕೂತು ನೋಡ್ತಿದ್ದವಳು ನನ್ನ ತಂಗಿ ಪುಟ್ಟಿ. ನನಗಿಂತ ಮೂರು ವರ್ಷ ಚಿಕ್ಕವಳು. ಅವಳಿಗೆ ನೋಡೋ ಕೆಲಸ ಮಾತ್ರ. ಒಂದ್ಸಲ ನನ್ನ ಪರೀಕ್ಷೆ ಇದ್ದಾಗ ಅವಳೇ ಹೊಸ ಆಟ ಶುರು ಮಾಡಿ ಸೇವ್ ಮಾಡಿದ್ಲು. ಈ ಗೇಮ್‌ನಲ್ಲಿ ಸೇವ್ ಜಾಗ ಒಂದೇ. ಹಳೇದು ಅಳಿಸಿ ಹೋಗುತ್ತೆ, ಸರಿನಾ ಅಂತ ಅದು ಕೇಳುತ್ತೆ. ಪರೀಕ್ಷೆ ಮುಗಿದ ದಿನ ನಾನೂ ಹೊಸದು ಶುರು ಮಾಡಿದೆ. ಅದು ಕೇಳ್ತು. ಅವಳು ಪಕ್ಕದಲ್ಲೇ ಇದ್ಲು. ಹೌದು ಅಂತ ಒತ್ತಿದೆ.

2009ರಲ್ಲಿ ಪಿಯುಸಿಗೆ ಹಾಸ್ಟೆಲ್ ಸೇರ್ಕೊಂಡೆ, ಗೇಮ್ ಮರೆತೇ ಹೋಯ್ತು. ಮೊನ್ನೆ ಊರಿಗೆ ಹೋದಾಗ ಅಟ್ಟದ ಮೇಲೆ ಬಿಸ್ಕೆಟ್ ಡಬ್ಬಿಯಲ್ಲಿ ಸಿಕ್ತು. ಸೆಲ್ ಸೋರಿ ಹಸಿರುಗಟ್ಟಿರುತ್ತೆ ಅಂದ್ಕೊಂಡಿದ್ದೆ, ಯಾರೋ ತೆಗೆದಿಟ್ಟಿದ್ರು. ಹೊಸ ಸೆಲ್ ಹಾಕಿದೆ.

ಇಲ್ಲೊಂದು ವಿಷಯ. ಈ ಕಾರ್ಟ್ರಿಡ್ಜ್ ಒಳಗೆ ವಾಚ್‌ಗೆ ಹಾಕ್ತಾರಲ್ಲ, ಅಂಥ ಗುಂಡಿ ಸೆಲ್ ಒಂದಿದೆ. ಸೇವ್ ಉಳಿಯೋದು ಅದರ ಜೀವದ ಮೇಲೆ. ಅದು ಸತ್ರೆ ಎಲ್ಲಾ ಖಾಲಿ. ಆಮೇಲೆ ಬಂದ ಗೋಲ್ಡ್, ಸಿಲ್ವರ್ ಗೇಮ್‌ಗಳಲ್ಲಿ ಗಡಿಯಾರವೂ ಓಡಬೇಕಿತ್ತು, ಅದಕ್ಕೇ ಅವುಗಳ ಸೆಲ್ ಬೇಗ ಸಾಯ್ತಿತ್ತು. ಯೆಲ್ಲೋದಲ್ಲಿ ಗಡಿಯಾರ ಇಲ್ಲ. ಆದ್ರೂ ಇಷ್ಟು ವರ್ಷ!

ಕಂಟಿನ್ಯೂ ಅಂತ ಬಂತು. ನನಗೆ ಕೈ ನಡುಗ್ತು, ಸುಳ್ಳಲ್ಲ. ಒತ್ತಿದೆ. ನನ್ನ ಹೆಸರಿರಲಿಲ್ಲ. ಇಂಗ್ಲಿಷಿನ ಐದು ದೊಡ್ಡಕ್ಷರದಲ್ಲಿ ‘ಪುಟ್ಟಿ’ ಅಂತಿತ್ತು. ಬ್ಯಾಡ್ಜ್ 8. ನಾನು ಐದು ದಾಟಿದವನೇ ಅಲ್ಲ. ಆಡಿದ ಸಮಯ 61 ಗಂಟೆ.

ತಂಡ ತೆಗೆದು ನೋಡಿದೆ. ಮೊದಲನೇದು ಪಿಕಾಚು, ಎರಡನೇದು ಬಲ್ಬಸಾರ್. ಈ ಬಲ್ಬಸಾರ್ ಸೆರುಲಿಯನ್ ಅನ್ನೋ ಊರಿನ ಒಂದು ಮನೆಯಲ್ಲಿ ಒಬ್ಬ ಹುಡುಗಿ ಕೊಡೋದು. ನಾನು ಆ ಮನೆಗೆ ಎಷ್ಟು ಸಲ ಹೋಗಿದ್ದೆನೋ, ಅವಳು ಕೊಡಲೇ ಇಲ್ಲ. ಗೇಮ್ ಕೆಟ್ಟಿದೆ ಅಂದ್ಕೊಂಡಿದ್ದೆ. ಪಿಕಾಚು ನಿಮ್ಮ ಜೊತೆ ಖುಷಿಯಾಗಿದ್ರೆ ಮಾತ್ರ ಅವಳು ಕೊಡ್ತಾಳೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಹಿಂದೆ ತಿರುಗಿ ಎ ಒತ್ತಿದೆ. ಸ್ಕ್ರೀನ್ ಮೇಲೆ ನಗು.

ಆಗಲೇ ಫೋನ್ ಮಾಡಿದೆ. ಅವಳೀಗ ಮೈಸೂರಲ್ಲಿ ಕೆಲಸದಲ್ಲಿದಾಳೆ. “ನನ್ನ ಆಟ ಅಳಿಸಿದ್ಯಾ? ಒಂದು ಮಾತು ಕೇಳೋದಲ್ವಾ?” ಅಂದೆ.

“ನೀನು ಕೇಳಿದ್ಯಾ ಅಣ್ಣ?”

ನಾನು ಸುಮ್ನಾದೆ. ಬ್ರಾಕ್‌ನ ಹೇಗೆ ಸೋಲಿಸಿದೆ ಅಂತ ಕೇಳಿದೆ. ಮ್ಯಾಂಕಿ ಹಿಡಿದು ಸೋಲಿಸಿದ್ಲಂತೆ, ಪಿಕಾಚು ಸುಮ್ನೆ ಜೊತೆಗಿತ್ತಂತೆ. “ಡಬ್ಬಿಗೆ ಹಾಕ್ಲಿಲ್ವಾ?” ಅಂದೆ.

“ನೀನು ಹಾಕಿದ್ದು ನೋಡಿ ನಂಗೆ ಅಳು ಬರ್ತಿತ್ತು. ಹೇಳಿದ್ರೆ ಪಕ್ಕ ಕೂರೋದಕ್ಕೂ ಬಿಡ್ತಿರ್ಲಿಲ್ಲ ನೀನು.”

ಅಮೇಲೆ ತುಂಬಾ ಹೊತ್ತು ಮಾತಾಡಿದ್ವಿ, ಅದೆಲ್ಲ ಇಲ್ಲಿ ಬೇಡ.

ಈಗ ಸಮಸ್ಯೆ ಆ ಗುಂಡಿ ಸೆಲ್. ಇವತ್ತೋ ನಾಳೆಯೋ ಹೋಗುತ್ತೆ. ಹಾಗೇ ಬಿಚ್ಚಿ ಬದಲಿಸಿದ್ರೆ ಸೇವ್ ಅಳಿಸಿ ಹೋಗುತ್ತೆ. ಮೊದಲು ಕಾರ್ಟ್ರಿಡ್ಜ್ ಓದೋ ಸಾಧನದಿಂದ ಅದನ್ನ ಲ್ಯಾಪ್‌ಟಾಪ್‌ಗೆ ಇಳಿಸಿ, ಸೆಲ್ ಬೆಸುಗೆ ಹಾಕಿ, ಮತ್ತೆ ಏರಿಸಬೇಕು. 2018ರಲ್ಲಿ ಇದೇ ಗೇಮ್ ಸ್ವಿಚ್‌ಗೆ ಹೊಸದಾಗಿ ಬಂತು, ಅದನ್ನೇ ತಗೊಳ್ಳಿ ಅಂತ ನೀವನ್ನಬಹುದು. ಚೆನ್ನಾಗೇ ಇದೆ ಅದು, ನೋಡಿದೀನಿ. ಆದ್ರೆ ಅದರಲ್ಲಿ ಪುಟ್ಟಿಯ 61 ಗಂಟೆ ಇಲ್ವಲ್ಲ.

ಓದೋ ಸಾಧನ ಆರ್ಡರ್ ಮಾಡಿದೀನಿ. ಅದು ಬಂದ್ರೂ ನಾನು ಮುಟ್ಟೋ ಹಾಗಿಲ್ಲ. ದೀಪಾವಳಿಗೆ ಬರ್ತೀನಿ, ಅಲ್ಲೀವರೆಗೆ ಆನ್ ಕೂಡ ಮಾಡಬೇಡ ಅಂದಿದಾಳೆ. ಬಿಸ್ಕೆಟ್ ಡಬ್ಬಿ ಈಗ ಅಮ್ಮನ ಬೀರುವಿನಲ್ಲಿದೆ, ಕೀ ಅಮ್ಮನ ಹತ್ರ.